ನೈಂಟಿ ಡಿ ಎಂಬ ಸಿದ್ಧ ಉತ್ತರ

ಕಣ್ಣಿನ ವಿಭಾಗಕ್ಕೆ ಹೊಸದಾಗಿ ಎಂ.ಎಸ್. ಓದಲು ಸೇರಿದವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಒಂದಿದೆ. "ಮೇಡಂ, ಯಾವ ಲೆನ್ಸ್ ತಗೊಳ್ಳಲಿ?" ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ನಿಂತ ಮೂರನೇ ವರ್ಷದವರು ಉತ್ತರ ಕೊಟ್ಟುಬಿಡುತ್ತಾರೆ. "ನೈಂಟಿ ಡಿ ತಗೊಂಡ್ಬಿಡಪ್ಪ. ಎಲ್ಲದಕ್ಕೂ ಆಗುತ್ತೆ." ಅವರಿಗೆ ಅವರ ಸೀನಿಯರ್ ಹೇಳಿದ್ದು ಇದೇ ಮಾತು. ನನಗೆ ನನ್ನ ಸೀನಿಯರ್ ಹೇಳಿದ್ದೂ ಇದೇ. ಕೇಳಿದವರು ಅಂದೇ ಸಂಜೆ ಡೀಲರ್‌ಗೆ ಫೋನ್ ಮಾಡುತ್ತಾರೆ. ಸ್ಟೈಪೆಂಡಿನ ದೊಡ್ಡ ಪಾಲು ಕೊಟ್ಟು ಆ ಪುಟ್ಟ ಗಾಜನ್ನು ತರಿಸಿಕೊಂಡು, ಅಂಚಿಗೆ ಹೆಸರಿನ ಚೀಟಿ ಅಂಟಿಸಿ, ಏಪ್ರನ್ ಜೇಬಿಗೆ ಹಾಕಿಕೊಳ್ಳುತ್ತಾರೆ. ಮುಂದಿನ ಮೂರು ವರ್ಷ ಅವರು ನೋಡುವ ಸಾವಿರಾರು ಕಣ್ಣುಗಳ ಹಿಂಭಾಗ ಅವರಿಗೆ ಕಾಣುವುದು ಆ ಗಾಜಿನ ಮೂಲಕವೇ.

ಆ ಉತ್ತರ ತಪ್ಪು ಎಂದು ಹೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. 90 ಡಿ ಕೆಟ್ಟ ಲೆನ್ಸೆಂದು ನನ್ನ ವಾದವಲ್ಲ. ನನ್ನ ಮೇಜಿನ ಮೇಲೂ ಒಂದಿದೆ, ವಾರಕ್ಕೆ ನಾಲ್ಕಾರು ಸಲ ಅದು ನನ್ನ ಕೈಗೆ ಬರುತ್ತದೆ. ಆದರೆ ಕಲಿಯುವವರ ಮೊದಲ ಲೆನ್ಸು ಅದಾಗಬಾರದು. ಮೊದಲು ಕೊಳ್ಳಬೇಕಾದದ್ದು 78 ಡಿ.

ಕಣ್ಣಿನ ಡಾಕ್ಟರ ಹತ್ತಿರ ಹೋದವರೆಲ್ಲ ಸ್ಲಿಟ್ ಲ್ಯಾಂಪ್ ಎಂಬ ಆ ಯಂತ್ರದ ಮುಂದೆ ಗಲ್ಲ ಊರಿ, ಹಣೆ ಒತ್ತಿ ಕೂತಿರುತ್ತೀರಿ. ಅದು ಎರಡು ಕಣ್ಣಿಂದ ನೋಡುವ ಸೂಕ್ಷ್ಮದರ್ಶಕ. ಕಣ್ಣಿನ ಮುಂಭಾಗ ನೋಡಲು ಅದೊಂದೇ ಸಾಕು. ಹಿಂಭಾಗ, ಅಂದರೆ ಅಕ್ಷಿಪಟಲ ನೋಡಬೇಕಾದರೆ ಡಾಕ್ಟರು ನಿಮ್ಮ ಕಣ್ಣಿನ ಎದುರು, ರೆಪ್ಪೆಗೆ ತಾಗಿಯೂ ತಾಗದ ಹಾಗೆ, ಎರಡು ಬೆರಳ ನಡುವೆ ಒಂದು ದುಂಡು ಗಾಜು ಹಿಡಿಯುತ್ತಾರೆ. ಆ ಗಾಜು ಅಕ್ಷಿಪಟಲದ ಚಿತ್ರವನ್ನು ಗಾಳಿಯಲ್ಲಿ, ಡಾಕ್ಟರ ಕಡೆಗೆ, ತಲೆಕೆಳಗಾಗಿ ಮೂಡಿಸುತ್ತದೆ. ಸ್ಲಿಟ್ ಲ್ಯಾಂಪ್ ನೋಡುವುದು ಆ ತೇಲುವ ಚಿತ್ರವನ್ನು. ಗಾಜಿನ ಮೇಲಿನ ಅಂಕಿ ಅದರ ಶಕ್ತಿ, ಡಯಾಪ್ಟರ್ ಲೆಕ್ಕದಲ್ಲಿ. ಅಂಕಿ ಹೆಚ್ಚಾದಷ್ಟೂ ತೇಲುವ ಚಿತ್ರ ಚಿಕ್ಕದಾಗುತ್ತದೆ. ಹೊಸಬರು ಎಡವುವುದೇ ಇಲ್ಲಿ: 90 ಎಂಬುದು 78ಕ್ಕಿಂತ ದೊಡ್ಡ ಅಂಕಿ, ಆದ್ದರಿಂದ ಹೆಚ್ಚು ದೊಡ್ಡದಾಗಿ ತೋರಿಸುತ್ತದೆ ಎಂದು ಅವರ ಎಣಿಕೆ. ಇರುವುದು ಅದಕ್ಕೆ ತಿರುಗಮುರುಗ.

ಕಣ್ಣಿನ ಒಳಗನ್ನು ನೋಡುವ ಉಪಕರಣವನ್ನು ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಲೋಕಕ್ಕೆ ಕೊಟ್ಟದ್ದು 1851ರಲ್ಲಿ. ಅದರಲ್ಲಿ ಒಂದೇ ಕಣ್ಣಿಂದ ನೋಡಬೇಕಿತ್ತು. ಸ್ಲಿಟ್ ಲ್ಯಾಂಪಿನ ಜೊತೆಗೆ ಉಬ್ಬುಗಾಜು ಹಿಡಿದು ಅಕ್ಷಿಪಟಲವನ್ನು ಎರಡು ಕಣ್ಣಿಂದ ನೋಡುವ ವಿಧಾನವನ್ನು ಎಲ್ ಬಯಾದಿ ಎಂಬ ಈಜಿಪ್ಟಿನ ವೈದ್ಯರು 1953ರಲ್ಲಿ ವಿವರಿಸಿದರು. ಅವರು ಬಳಸಿದ ಗಾಜಿನ ಶಕ್ತಿ 60ರ ಆಸುಪಾಸು. ಆಮೇಲೆ ಅಮೆರಿಕದ ಓಹಾಯೋದಲ್ಲಿ ಡೇವಿಡ್ ವೋಲ್ಕ್ ಗಾಜಿನ ಎರಡೂ ಮುಖಗಳನ್ನು ಗೋಳಾಕಾರದಿಂದ ಬಿಡಿಸಿ, ಅಂಚಿನವರೆಗೂ ಚಿತ್ರ ಸ್ವಚ್ಛವಾಗಿ ನಿಲ್ಲುವಂತೆ ಉಜ್ಜಿ ರೂಪಿಸಿದ ಮೇಲೆ ಈ ಲೆನ್ಸುಗಳು ಲೋಕದ ಎಲ್ಲ ಕಣ್ಣಾಸ್ಪತ್ರೆಗಳ ಜೇಬು ಸೇರಿದವು.

ಈಗ ಅಂಕಿಅಂಶಕ್ಕೆ ಬರೋಣ. ಪಿಜಿ ಕೋಣೆಗಳಲ್ಲಿ ನಡೆಯುವ ವಾದಗಳಲ್ಲಿ ಅಂಕಿ ಹೇಳುವವರು ಕಡಿಮೆ, "ಚೆನ್ನಾಗಿ ಕಾಣುತ್ತೆ" ಎನ್ನುವವರೇ ಹೆಚ್ಚು. ವೋಲ್ಕ್ ಕಂಪನಿಯೇ ಕೊಡುವ ಲೆಕ್ಕದ ಪ್ರಕಾರ 90 ಡಿ ಚಿತ್ರವನ್ನು 0.76 ಪಟ್ಟು ಮಾಡಿ ತೋರಿಸುತ್ತದೆ, 78 ಡಿ 0.93 ಪಟ್ಟು, 60 ಡಿ 1.15 ಪಟ್ಟು. ಅಂದರೆ 90ರ ಚಿತ್ರ ನಿಜವಾದ ಅಕ್ಷಿಪಟಲಕ್ಕಿಂತ ಕಾಲುಭಾಗ ಚಿಕ್ಕದು. ಸ್ಲಿಟ್ ಲ್ಯಾಂಪ್ ಅದನ್ನು ಮತ್ತೆ ಹತ್ತು, ಹದಿನಾರು ಪಟ್ಟು ಹಿಗ್ಗಿಸುತ್ತದೆ, ಅದು ಬೇರೆ ಮಾತು.

ನೈಂಟಿ ಪಕ್ಷದವರ ಮೊದಲ ವಾದ, ಅದು ಹೆಚ್ಚು ಅಗಲ ತೋರಿಸುತ್ತದೆ ಎಂಬುದು. ನಾನು ಕೇಳಿದ ಪಿಜಿಗಳಲ್ಲಿ ಹೆಚ್ಚಿನವರು ಇದನ್ನು ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎನ್ನುವಷ್ಟೇ ಖಚಿತವಾಗಿ ಹೇಳುತ್ತಾರೆ. ಅದೇ ಕಂಪನಿಯ ಅದೇ ಪಟ್ಟಿ ಹೇಳುವುದೇನು? ಲೆನ್ಸನ್ನು ಅಲುಗಿಸದೆ ಹಿಡಿದಾಗ 90 ಡಿಯಲ್ಲಿ ಕಾಣುವುದು 74 ಡಿಗ್ರಿ. 78 ಡಿಯಲ್ಲಿ 81 ಡಿಗ್ರಿ. 78ರ ಗಾಜು ದೊಡ್ಡದು, ಹಾಗಾಗಿ ಶಕ್ತಿ ಕಡಿಮೆಯಾದರೂ ನೋಟ ಅಗಲ. ಹತ್ತಾರು ಬ್ಯಾಚುಗಳ ಬಾಯಿಂದ ಬಾಯಿಗೆ ದಾಟಿ ಬಂದ ಈ "ಅಗಲ"ದ ನಂಬಿಕೆ ಪೆಟ್ಟಿಗೆಯ ಜೊತೆ ಬರುವ ಚೀಟಿಯನ್ನು ಓದಿದರೆ ಬಿದ್ದುಹೋಗುತ್ತದೆ. ಅದನ್ನು ಓದದೆ ಸಾವಿರಾರು ರೂಪಾಯಿ ಕೊಡುತ್ತೇವೆ.

ಎರಡನೇ ವಾದಕ್ಕೆ ತೂಕವಿದೆ. ಪಾಪೆ ಚಿಕ್ಕದಾಗಿರುವ ಕಣ್ಣಲ್ಲಿ 90 ಡಿ ಒಳಗೆ ಹೋಗುತ್ತದೆ, 78 ಡಿ ಒದ್ದಾಡಿಸುತ್ತದೆ. ಇದು ನಿಜ. ಏಕೆ ನಿಜ ಎಂಬುದನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ನನ್ನ ಇಡೀ ತಕರಾರು ಆ ಕಾರಣದೊಳಗೇ ಇದೆ.

ಸ್ಲಿಟ್ ಲ್ಯಾಂಪಿನಿಂದ ಒಳಗೆ ನೋಡುವಾಗ ಪಾಪೆಯೆಂಬ ಬಾಗಿಲಲ್ಲಿ ಮೂರು ದಾರಿಗಳು ಹಾಯಬೇಕು: ಡಾಕ್ಟರ ಎಡಗಣ್ಣಿನ ನೋಟ, ಬಲಗಣ್ಣಿನ ನೋಟ, ಮತ್ತೆ ಯಂತ್ರದ ಬೆಳಕು. ಲೆನ್ಸಿನ ಶಕ್ತಿ ಹೆಚ್ಚಿದ್ದಷ್ಟೂ ಈ ಮೂರನ್ನೂ ಅದು ಹೆಚ್ಚು ಒತ್ತೊತ್ತಾಗಿ ಕಟ್ಟಿ ಕಳಿಸುತ್ತದೆ. ಅದಕ್ಕೇ 90 ಡಿ ಸಣ್ಣ ಬಾಗಿಲಲ್ಲೂ ಹಾಯುತ್ತದೆ. ಈಗ ಯೋಚಿಸಿ: ನಮ್ಮ ಎರಡು ಕಣ್ಣುಗಳಿಗೆ ಆಳ ತಿಳಿಯುವುದು ಅವುಗಳ ನಡುವೆ ಅಂತರ ಇರುವುದರಿಂದ. ಒಂದು ಕಣ್ಣು ಮುಚ್ಚಿ ಸೂಜಿಗೆ ದಾರ ಪೋಣಿಸಿ ನೋಡಿದರೆ ಇದು ಯಾರಿಗಾದರೂ ಗೊತ್ತಾಗುತ್ತದೆ. ರೋಗಿಯ ಪಾಪೆಯಲ್ಲಿ ಡಾಕ್ಟರ ಎರಡು ನೋಟಗಳನ್ನು ಹತ್ತಿರ ಹತ್ತಿರ ತಂದಷ್ಟೂ ಅವರು ಒಂಟಿಗಣ್ಣಿನವರ ಹತ್ತಿರ ಹತ್ತಿರ ಬರುತ್ತಾರೆ. ಸಣ್ಣ ಪಾಪೆಯಲ್ಲಿ ಹೋಗುವ ಅನುಕೂಲವೂ ಆಳ ಕಾಣದ ನಷ್ಟವೂ ಬೇರೆ ಬೇರೆಯಲ್ಲ. ಒಂದನ್ನು ಕೊಟ್ಟೇ ಇನ್ನೊಂದನ್ನು ಪಡೆಯುವುದು.

ಎಷ್ಟು ಕೊಡುತ್ತೇವೆ? ತೇಲುವ ಚಿತ್ರದ ಆಳ ಅದರ ಅಗಲದ ವರ್ಗದ ಪ್ರಕಾರ ಬದಲಾಗುತ್ತದೆ ಎಂಬುದು ದೃಗ್ವಿಜ್ಞಾನದ ಹಳೆಯ ನಿಯಮ, ಎಂ.ಎಸ್. ಮೊದಲ ವರ್ಷದ ಪಠ್ಯದಲ್ಲೇ ಇದೆ. 0.93ನ್ನೂ 0.76ನ್ನೂ ವರ್ಗ ಮಾಡಿ ಭಾಗಿಸಿ ನೋಡಿ. 78 ಡಿಯಲ್ಲಿ ಕಾಣುವ ಆಳ 90 ಡಿಯಲ್ಲಿ ಕಾಣುವುದರ ಒಂದೂವರೆ ಪಟ್ಟು. 60 ಡಿಯಲ್ಲಿ ಎರಡು ಪಟ್ಟಿಗೂ ಮಿಗಿಲು. "ಸ್ಲಿಟ್ ಲ್ಯಾಂಪ್‌ನ ಹತ್ತರಿಂದ ಹದಿನಾರಕ್ಕೆ ತಿರುಗಿಸಿದರೆ ಆಯಿತಲ್ಲ ಮೇಡಂ" ಎನ್ನುವ ಹುಡುಗರಿದ್ದಾರೆ. ತಿರುಗಿಸಿದರೆ ಚಿತ್ರ ದೊಡ್ಡದಾಗುತ್ತದೆ, ಬೆಳಕು ಕಡಿಮೆಯಾಗುತ್ತದೆ. ಲೆನ್ಸು ಒಮ್ಮೆ ಚಪ್ಪಟೆ ಮಾಡಿದ ಗುಡ್ಡ ಮತ್ತೆ ಗುಡ್ಡವಾಗುವುದಿಲ್ಲ, ದೊಡ್ಡ ಚಪ್ಪಟೆಯಾಗುತ್ತದೆ ಅಷ್ಟೆ.

ಅಕ್ಷಿಪಟಲದಲ್ಲಿ ಆಳ ಏಕೆ ಇಷ್ಟು ಮುಖ್ಯ? ಅಲ್ಲಿ ಕಲಿಯುವವರು ನಿಜವಾಗಿ ಕಲಿಯಬೇಕಾದ ಎರಡು ಸಂಗತಿಗಳೂ ಆಳದವೇ ಆದ್ದರಿಂದ. ಒಂದು ಮ್ಯಾಕುಲಾ, ನಾವು ಅಕ್ಷರ ಓದುವ, ಮುಖ ಗುರುತಿಸುವ ಜಾಗ. ಸಕ್ಕರೆ ಕಾಯಿಲೆಯವರಲ್ಲಿ ಅಲ್ಲಿನ ರಕ್ತನಾಳಗಳಿಂದ ನೀರು ಜಿನುಗಿ ಅಕ್ಷಿಪಟಲ ದಪ್ಪವಾಗುತ್ತದೆ. ಇನ್ನೊಂದು ಡಿಸ್ಕ್, ದೃಷ್ಟಿನರ ಕಣ್ಣಿನಿಂದ ಹೊರಡುವ ಜಾಗ. ಗ್ಲಾಕೋಮಾದಲ್ಲಿ ಅದರ ನಡುವಿನ ಗುಳಿ ಅಗಲವಾಗುತ್ತ, ಆಳವಾಗುತ್ತ, ಅಂಚು ಸವೆಯುತ್ತ ಹೋಗುತ್ತದೆ. ಮೊದಲನೆಯದು ಉಬ್ಬು, ಎರಡನೆಯದು ತಗ್ಗು. ಬಣ್ಣ ನೋಡಿ ಇವೆರಡನ್ನೂ ಹಿಡಿಯುತ್ತೇನೆ ಎಂದು ಹೊರಟವರು ಮೋಸ ಹೋಗುತ್ತಾರೆ. ಡಿಸ್ಕಿನ ನಡುವಿನ ಬಿಳಿಚು ಪ್ರದೇಶವನ್ನೇ ಗುಳಿ ಎಂದು ಬರೆದುಕೊಂಡವರನ್ನು ಪ್ರತಿ ವರ್ಷ ನೋಡುತ್ತೇನೆ. ಗುಳಿಯ ಅಂಚು ಬಣ್ಣ ಬದಲಾಗುವಲ್ಲಿ ಇರುವುದಿಲ್ಲ, ರಕ್ತನಾಳ ಬಾಗುವಲ್ಲಿ ಇರುತ್ತದೆ. ಬಾಗುವುದು ಕಾಣಬೇಕಾದರೆ ಆಳ ಕಾಣಬೇಕು.

ನನ್ನದೇ ಒಂದು ಪ್ರಸಂಗ ಹೇಳುತ್ತೇನೆ. ಹೇಳಲು ಇಷ್ಟು ವರ್ಷ ಹಿಂಜರಿದಿದ್ದೆ. ನಾನು ಎರಡನೇ ವರ್ಷದಲ್ಲಿದ್ದಾಗ ಬಸ್ ಕಂಡಕ್ಟರ್ ಒಬ್ಬರು ಓಪಿಡಿಗೆ ಬಂದರು. ವಯಸ್ಸು ಐವತ್ತು ದಾಟಿತ್ತು, ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. "ಟಿಕೆಟ್ ಮೇಲಿನ ಅಂಕಿ ಡೊಂಕಾಗಿ ಕಾಣ್ತಾವೆ ಡಾಕ್ಟ್ರಮ್ಮ. ಚಿಲ್ಲರೆ ಕೊಡೋದ್ರಲ್ಲಿ ಎರಡು ಸಲ ಮೋಸ ಹೋದೆ," ಎಂದರು. ಡ್ರಾಪ್ಸ್ ಹಾಕಿಸಿ, ಪಾಪೆ ಚೆನ್ನಾಗಿ ಅಗಲವಾದ ಮೇಲೆ ನನ್ನ ಜೇಬಿನ 90 ಡಿ ಹಿಡಿದು ನೋಡಿದೆ. ಅಲ್ಲೊಂದು ಇಲ್ಲೊಂದು ರಕ್ತದ ಚುಕ್ಕೆ, ಒಂದೆರಡು ಹಳದಿ ಕಣ. ಮ್ಯಾಕುಲಾದಲ್ಲಿ ಊತವಿಲ್ಲ ಎಂದು ಬರೆದೆ. ಸಕ್ಕರೆ ಹತೋಟಿಯಲ್ಲಿಡಿ, ಆರು ತಿಂಗಳು ಬಿಟ್ಟು ಬನ್ನಿ ಎಂದು ಹೇಳುವುದರಲ್ಲಿದ್ದೆ. ಅಷ್ಟರಲ್ಲಿ ನಮ್ಮ ಸರ್ ಆ ದಾರಿಯಲ್ಲಿ ಬಂದರು. ದೂರು ಕೇಳಿಸಿಕೊಂಡು, ತಮ್ಮ 78 ಡಿ ತೆಗೆದು ನೋಡಿದರು, ಎದ್ದು ನನ್ನನ್ನು ಅದೇ ಲೆನ್ಸಿನಲ್ಲಿ ನೋಡಲು ಕೂರಿಸಿದರು. "ಉಬ್ಬಿದೆ, ಕಾಣ್ತೇನಮ್ಮ?" ಕಂಡಿತು. ಸಣ್ಣ ರಕ್ತನಾಳವೊಂದು ದಿಬ್ಬ ಹತ್ತಿ ಇಳಿಯುವ ಕಾಲುದಾರಿಯ ಹಾಗೆ ಮ್ಯಾಕುಲಾದ ಪಕ್ಕದಲ್ಲಿ ಹಾದುಹೋಗಿತ್ತು. ಎರಡು ನಿಮಿಷದ ಹಿಂದೆ ಅದೇ ಜಾಗ ನನಗೆ ಸಪಾಟಾಗಿತ್ತು. ಆ ಕಂಡಕ್ಟರಿಗೆ ಲೇಸರ್ ಮಾಡಿದರು, ದೃಷ್ಟಿ ಇನ್ನಷ್ಟು ಇಳಿಯದೆ ನಿಂತಿತು. ಸರ್ ಆ ದಾರಿಯಲ್ಲಿ ಬರದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಇದಕ್ಕೆ ಬರುವ ಉತ್ತರ ನನಗೆ ಗೊತ್ತು. "ತಪ್ಪು ನಿಮ್ಮದು, ಲೆನ್ಸಿನದಲ್ಲ. ಅನುಭವ ಇರುವವರು 90 ಡಿಯಲ್ಲೂ ಊತ ಹಿಡಿಯುತ್ತಾರೆ." ಹಿಡಿಯುತ್ತಾರೆ, ಒಪ್ಪುತ್ತೇನೆ. ಇವತ್ತು ನಾನೂ ಹಿಡಿಯುತ್ತೇನೆ. ಹೇಗೆ ಹಿಡಿಯುತ್ತೇನೆ? ಉಬ್ಬಿದ ಮ್ಯಾಕುಲಾ ಹೇಗಿರುತ್ತದೆ ಎಂಬುದು ನನಗೆ ಮೊದಲೇ ಗೊತ್ತಿದೆ. 90 ಡಿ ಕೊಡುವ ಅರೆಬರೆ ಸುಳಿವಿಗೆ ನೆನಪಿನ ಉಳಿದರ್ಧವನ್ನು ಸೇರಿಸಿಕೊಳ್ಳುತ್ತೇನೆ. ಆ ನೆನಪು ಹೊಸಬರ ಬಳಿ ಇಲ್ಲ. ಅದನ್ನು ಸಂಪಾದಿಸುವುದಕ್ಕೇ ಅವರು ಮೂರು ವರ್ಷ ಕೂರುವುದು. ರಾಗ ಗೊತ್ತಿದ್ದವರು ಕೆಟ್ಟ ರೇಡಿಯೊದಲ್ಲೂ ರಾಗ ಗುರುತಿಸುತ್ತಾರೆ ಎಂದು ಸಂಗೀತ ಕಲಿಯುವ ಮಗುವಿಗೆ ಕೆಟ್ಟ ರೇಡಿಯೊ ಕೊಡುತ್ತೇವೆಯೆ? ಸೀನಿಯರುಗಳು 90 ಡಿ ಸಾಕು ಎನ್ನುವಾಗ ಅವರು ತಮ್ಮ ಕಣ್ಣಿನ ಬಗ್ಗೆ ಹೇಳುತ್ತಿದ್ದಾರೆ. ಕೇಳಿಸಿಕೊಳ್ಳುವ ಜೂನಿಯರಿನ ಕಣ್ಣು ಇನ್ನೂ ಅದಾಗಿಲ್ಲ.

ಮ್ಯಾಕುಲಾದ ಊತ ಯಾವಾಗ ಅಪಾಯಕಾರಿ ಎಂಬುದಕ್ಕೆ ಅಮೆರಿಕದ ಇಟಿಡಿಆರ್‌ಎಸ್ ಅಧ್ಯಯನ 1985ರಲ್ಲಿ ಹಾಕಿಕೊಟ್ಟ ಗೆರೆ ಇಂದಿಗೂ ಪರೀಕ್ಷೆಯಲ್ಲಿ ಕೇಳುವ ಪ್ರಶ್ನೆ: ಮ್ಯಾಕುಲಾದ ಕೇಂದ್ರದಿಂದ 500 ಮೈಕ್ರಾನಿನೊಳಗೆ, ಅಂದರೆ ಅರ್ಧ ಮಿಲಿಮೀಟರಿನೊಳಗೆ ಅಕ್ಷಿಪಟಲ ದಪ್ಪವಾಗಿದೆಯೇ? ಆ ವ್ಯಾಖ್ಯಾನದ ತಿರುಳೇ ದಪ್ಪ. ಹಳದಿ ಕಣಗಳಿದ್ದರೂ ಪಕ್ಕದಲ್ಲಿ ದಪ್ಪ ಇರಬೇಕು, ಇಲ್ಲದಿದ್ದರೆ ಲೆಕ್ಕಕ್ಕಿಲ್ಲ. ಆರೋಗ್ಯವಂತ ಅಕ್ಷಿಪಟಲವೇ ಅಲ್ಲಿ ಸುಮಾರು ಕಾಲು ಮಿಲಿಮೀಟರ್ ದಪ್ಪ. ಅದರ ಮೇಲೆ ಮಿಲಿಮೀಟರಿನ ಹತ್ತನೇ ಒಂದು ಪಾಲು ಏರಿದ್ದನ್ನು ಗುರುತಿಸಬೇಕು. ಇಷ್ಟು ಕಿರಿದಾದ ಉಬ್ಬನ್ನು ನೋಡಲು ಕಲಿಯುವವರ ಕೈಗೆ, 78 ಡಿಗೆ ಹೋಲಿಸಿದರೆ ಆಳವನ್ನು ಮೂರನೇ ಒಂದು ಭಾಗ ಕಡಿತ ಮಾಡಿ ತೋರಿಸುವ ಗಾಜನ್ನು ಕೊಟ್ಟು, "ಎಲ್ಲದಕ್ಕೂ ಆಗುತ್ತೆ" ಎನ್ನುತ್ತೇವೆ.

ಡಿಸ್ಕಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಗುಳಿ ಡಿಸ್ಕಿನ ಎಷ್ಟು ಪಾಲು ಎಂದು 0.5, 0.7 ಹೀಗೆ ಬರೆಯುತ್ತೇವೆ. ಈ ಅಂಕಿಯನ್ನು ಡಿಸ್ಕಿನ ಗಾತ್ರ ಬಿಟ್ಟು ಓದಿದರೆ ಅರ್ಥವಿಲ್ಲ. ಹುಟ್ಟಾ ದೊಡ್ಡ ಡಿಸ್ಕ್ ಇರುವವರಲ್ಲಿ 0.7 ಗುಳಿ ಸಹಜವಾಗಿರಬಹುದು, ಚಿಕ್ಕ ಡಿಸ್ಕಿನಲ್ಲಿ 0.5 ಗುಳಿಯೇ ರೋಗದ ಗುರುತಾಗಿರಬಹುದು. ಸ್ಲಿಟ್ ಲ್ಯಾಂಪಿನ ಬೆಳಕಿನ ಗೆರೆಯನ್ನು ಡಿಸ್ಕಿನ ಎತ್ತರಕ್ಕೆ ಸರಿಯಾಗಿ ಗಿಡ್ಡ ಮಾಡಿ, ತಿರುಪಿನ ಮೇಲಿನ ಅಂಕಿ ಓದಿ, ಲೆನ್ಸಿಗೆ ತಕ್ಕ ಸಂಖ್ಯೆಯಿಂದ ಗುಣಿಸಿದರೆ ಡಿಸ್ಕಿನ ಅಳತೆ ಸಿಗುತ್ತದೆ. 78 ಡಿಗೆ ಗುಣಿಸಬೇಕಾದದ್ದು 1.1ರಿಂದ, 90 ಡಿಗೆ 1.3ರಿಂದ. ಮೂವತ್ತು ಸೆಕೆಂಡಿನ ಕೆಲಸ. 78 ಡಿ ಬಳಸುವವರು ಗುಣಿಸಲು ಮರೆತರೂ ತಪ್ಪು ಹತ್ತರಲ್ಲಿ ಒಂದು ಪಾಲಿನಷ್ಟು. 90 ಡಿ ಬಳಸುವವರು ಮರೆತರೆ 1.8 ಮಿಲಿಮೀಟರಿನ ಸಾಮಾನ್ಯ ಡಿಸ್ಕ್ 1.4 ಆಗಿ, ಚಿಕ್ಕ ಡಿಸ್ಕ್ ಎಂದು ದಾಖಲಾಗುತ್ತದೆ. ದಿನಕ್ಕೆ ನೂರಿನ್ನೂರು ಜನ ಬರುವ ಓಪಿಡಿಯಲ್ಲಿ ಮರೆಯುವವರೇ ಜಾಸ್ತಿ. ನಿಜ ಹೇಳಬೇಕೆಂದರೆ ಅಳೆಯುವವರೇ ಕಡಿಮೆ.

ಹಾಗಿದ್ದರೆ ಸಣ್ಣ ಪಾಪೆಯ ಮಾತೇನು? ನಮ್ಮಲ್ಲಿ ಅದು ಸಣ್ಣ ಸಮಸ್ಯೆಯಲ್ಲ. ಹಳೆಯ ಸಕ್ಕರೆ ಕಾಯಿಲೆಯವರ ಪಾಪೆ ಎಷ್ಟು ಡ್ರಾಪ್ಸ್ ಹಾಕಿದರೂ ಪೂರ್ತಿ ಅಗಲವಾಗದಿರುವುದುಂಟು. ಒಳಗಿನ ಉರಿಯೂತದಿಂದ ಪಾಪೆಯ ಅಂಚು ಕಣ್ಣೊಳಗಿನ ಸಹಜ ಲೆನ್ಸಿಗೆ ಅಂಟಿಕೊಂಡ ಕಣ್ಣುಗಳುಂಟು. ಅಂಥಲ್ಲಿ 90 ಡಿ ಬೇಕೇಬೇಕು, ವಿಭಾಗದ ಡ್ರಾಯರಿನಲ್ಲಿ ಒಂದು ಇರಬೇಕು, ಎರಡನೇ ವರ್ಷಕ್ಕೆ ಕೈಯಲ್ಲಿ ಹಣ ಕೂಡಿದಾಗ ಕೊಂಡರೂ ಒಳ್ಳೆಯದು. ಆದರೆ ನಮ್ಮ ಓಪಿಡಿಗಳಲ್ಲಿ 90 ಡಿ ಹೊರಬರುವುದು ಬಹುತೇಕ ಈ ಕಣ್ಣುಗಳಿಗಾಗಿ ಅಲ್ಲ. ಡ್ರಾಪ್ಸ್ ಹಾಕದ ಕಣ್ಣುಗಳಿಗಾಗಿ. ಸಾಲು ಉದ್ದವಿದೆ, ಡ್ರಾಪ್ಸ್ ಹಾಕಿದರೆ ರೋಗಿ ಅರ್ಧ ಗಂಟೆ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂರಬೇಕು, ಆಮೇಲೆ ಮತ್ತೆ ನಮ್ಮ ಸಾಲಿಗೇ ಬರಬೇಕು. ಅದರ ಬದಲು ಹಾಗೇ ಒಂದು ಸಲ ಇಣುಕಿ "ಹಿಂದುಗಡೆ ಸರಿ ಇದೆ" ಎಂದು ಬರೆಯುವುದು ಸುಲಭ. ಇಣುಕುವುದಕ್ಕೆ 90 ಡಿಯಷ್ಟು ಅನುಕೂಲದ ಲೆನ್ಸಿಲ್ಲ. 78 ಡಿ ಕೈಯಲ್ಲಿದ್ದರೆ ಇಣುಕಲಾಗದು, ಡ್ರಾಪ್ಸ್ ಹಾಕಲೇಬೇಕಾಗುತ್ತದೆ. ಹೊಸಬರ ಕೈಗೆ ಅದನ್ನೇ ಕೊಡಬೇಕು ಎನ್ನಲು ಇದೂ ನನಗೊಂದು ಕಾರಣ. ಪಾಪೆ ಅಗಲಿಸುವ ಟ್ರೋಪಿಕಮೈಡ್ ಡ್ರಾಪ್ಸಿನ ಬಾಟಲಿಯನ್ನು ಮುಟ್ಟದೆ ಅಕ್ಷಿಪಟಲ ನೋಡುವ ಅಭ್ಯಾಸ ಮೊದಲ ವರ್ಷ ಬೆಳೆದರೆ ಮುಂದೆ ಹೋಗುವುದಿಲ್ಲ. (ಕಣ್ಣಿನೊಳಗಿನ ಮುಂದಿನ ಕೋಣೆ ಆಳವಿಲ್ಲದಿದ್ದರೆ ಡ್ರಾಪ್ಸ್ ಹಾಕುವ ಮುನ್ನ ಕಣ್ಣಿನ ಒತ್ತಡ, ಕೋನ ನೋಡಬೇಕು ಎಂಬುದನ್ನು ಬಲ್ಲವರಿಗೆ ನಾನು ಹೇಳಬೇಕಿಲ್ಲ.)

ಈ ಇಣುಕುವ ಸಂಪ್ರದಾಯ ಎಲ್ಲಿಂದ ಬಂತು ಎಂದು ಯೋಚಿಸಿದ್ದೇನೆ. ಹೆಚ್ಚು ಕಾಲ ನಮ್ಮ ನಾಡಿನಲ್ಲಿ ಕಣ್ಣಿನ ಕಾಯಿಲೆ ಎಂದರೆ ಪೊರೆ. ಡಾ. ಎಂ.ಸಿ. ಮೋದಿಯವರು ಊರೂರು ಸುತ್ತಿ, ಶಾಲೆ ಛತ್ರಗಳಲ್ಲಿ ಶಿಬಿರ ಮಾಡಿ ಲಕ್ಷಗಟ್ಟಲೆ ಜನರ ಪೊರೆ ತೆಗೆದರು. ಕೇಂದ್ರ ಸರ್ಕಾರ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿದ್ದು 1976ರಲ್ಲಿ. ಅದರ ಮೊದಲ ಗುರಿಯೂ ಪೊರೆಯೇ. ಕುರುಡರಾಗಿ ಮೂಲೆ ಹಿಡಿದಿದ್ದ ಅಜ್ಜ ಅಜ್ಜಿಯರು ಮೊಮ್ಮಕ್ಕಳ ಮುಖ ನೋಡುವಂತಾದದ್ದು ಆ ಶ್ರಮದಿಂದ, ಅದರ ಮುಂದೆ ನಾನು ತಲೆ ಬಾಗುತ್ತೇನೆ. ಪೊರೆಯ ವೈದ್ಯರು ಅಕ್ಷಿಪಟಲಕ್ಕೆ ಕೇಳುವ ಪ್ರಶ್ನೆ ಒಂದೇ: ಆಪರೇಷನ್ ಮಾಡಿದರೆ ದೃಷ್ಟಿ ಬರುತ್ತದೋ ಇಲ್ಲವೋ? ಪೊರೆಯ ಮಸುಕಿನ ಮೂಲಕ, ಸಿಕ್ಕಷ್ಟು ಪಾಪೆಯಲ್ಲಿ, ಆ ಒಂದು ಪ್ರಶ್ನೆಗೆ ಉತ್ತರ ಹುಡುಕಲು 90 ಡಿ ಹೇಳಿ ಮಾಡಿಸಿದ ಲೆನ್ಸು. ಪೊರೆಯೇ ಮುಖ್ಯವಾಗಿದ್ದ ವಿಭಾಗಗಳಲ್ಲಿ ಅದು ಎಲ್ಲರ ಜೇಬಿಗೆ ಬಂದದ್ದು ಸಹಜ ಎಂದೇ ನಾನು ಭಾವಿಸುತ್ತೇನೆ.

ಆದರೆ ಕಾಯಿಲೆ ಬದಲಾಗಿದೆ. ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10 ಕೋಟಿಗೂ ಹೆಚ್ಚು. ಅವರಲ್ಲಿ ಪ್ರತಿಯೊಬ್ಬರ ಅಕ್ಷಿಪಟಲವನ್ನೂ ವರ್ಷಕ್ಕೊಮ್ಮೆ ನೋಡಬೇಕು. ಗ್ಲಾಕೋಮಾ ಹೆಚ್ಚಾಗಿ ನೋವಿಲ್ಲದೆ, ಸದ್ದಿಲ್ಲದೆ ಬರುವ ಕಾಯಿಲೆ. ಕನ್ನಡಕ ಬದಲಿಸಲು ಬಂದವರ ಡಿಸ್ಕನ್ನು ಯಾರಾದರೂ ಸರಿಯಾಗಿ ನೋಡಿದರಷ್ಟೇ ಸಿಗುತ್ತದೆ. ಪೊರೆಯಿಂದ ಹೋದ ದೃಷ್ಟಿ ಆಪರೇಷನ್ನಿಂದ ಮರಳುತ್ತದೆ. ಗ್ಲಾಕೋಮಾದಿಂದ ಹೋದದ್ದು ಮರಳುವುದಿಲ್ಲ, ಸಕ್ಕರೆ ಕಾಯಿಲೆಯಿಂದ ಹೋದದ್ದು ಪೂರ್ತಿ ಮರಳುವ ಭರವಸೆಯಿಲ್ಲ. ಪ್ರಶ್ನೆ ಬದಲಾದ ಮೇಲೂ ಹಳೆಯ ಪ್ರಶ್ನೆಯ ಲೆನ್ಸನ್ನೇ ಹೊಸಬರಿಗೆ ದಾಟಿಸುತ್ತಿದ್ದೇವೆ.

"ಓಸಿಟಿ ಇದೆಯಲ್ಲ, ದಪ್ಪವನ್ನು ಮೈಕ್ರಾನ್ ಲೆಕ್ಕದಲ್ಲಿ ಅದೇ ಹೇಳುತ್ತದೆ" ಎಂಬುದು ಈಚಿನ ವಾದ. ಓಸಿಟಿ ಅಂದರೆ ಅಕ್ಷಿಪಟಲದ ಪದರಗಳನ್ನು ಬೆಳಕಿನಿಂದ ಸ್ಕ್ಯಾನ್ ಮಾಡುವ ಯಂತ್ರ. ಹೌದು, ಹೇಳುತ್ತದೆ, ನನ್ನ ಕಣ್ಣಿಗಿಂತ ನಿಖರವಾಗಿ ಹೇಳುತ್ತದೆ. ಆದರೆ ಯಾರನ್ನು ಆ ಯಂತ್ರದ ಮುಂದೆ ಕೂರಿಸಬೇಕು ಎಂದು ತೀರ್ಮಾನಿಸುವುದು ಕಣ್ಣು. ಡಿಸ್ಕಿನ ಅಂಚಿನಲ್ಲಿ ಬೆಂಕಿಕಡ್ಡಿಯ ಗೀರಿನಂತೆ ಬರುವ ಸಣ್ಣ ರಕ್ತಸ್ರಾವ ಗ್ಲಾಕೋಮಾ ಮುಂದುವರಿಯುತ್ತಿದೆ ಎಂಬುದಕ್ಕೆ ಬಲವಾದ ಸೂಚನೆ. ಓಸಿಟಿಯ ಬಣ್ಣದ ನಕ್ಷೆಯಲ್ಲಿ ಅದು ಕಾಣುವುದಿಲ್ಲ. ಡಿಸ್ಕ್ ಬಿಳಿಚಿಕೊಂಡಿದೆಯೋ ಗುಳಿ ಬಿದ್ದಿದೆಯೋ ಎಂಬ ವ್ಯತ್ಯಾಸದಲ್ಲಿ ಮಿದುಳಿನ ಗಡ್ಡೆಯೊಂದು ಸಿಗುವುದೂ ತಪ್ಪುವುದೂ ಇದೆ. ನರದ ಪದರ ತೆಳುವಾಗಿದೆ ಎಂದಷ್ಟೇ ಹೇಳುವ ಯಂತ್ರಕ್ಕೆ ಆ ಬಿಳಿಚು ಗೊತ್ತಿಲ್ಲ. ಇನ್ನು, ಇಂದು ಬೆಂಗಳೂರಲ್ಲಿ ಓಸಿಟಿ ಕೋಣೆಯ ಪಕ್ಕದಲ್ಲಿ ಕಲಿಯುವವರು ನಾಳೆ ತಾಲೂಕು ಆಸ್ಪತ್ರೆಗೆ ಹೋದಾಗ ಅಲ್ಲಿ ಸ್ಲಿಟ್ ಲ್ಯಾಂಪ್ ಇದ್ದರೆ ಪುಣ್ಯ. ಅವರ ಜೇಬಿನಲ್ಲಿ ಏನಿದೆ ಎಂಬುದೇ ಅಲ್ಲಿ ಅವರ ಓಸಿಟಿ.

ಸ್ವಲ್ಪ ಅನುಕೂಲಸ್ಥ ಮನೆಯ ಮಕ್ಕಳಲ್ಲಿ ಇನ್ನೊಂದು ಹೊಸ ಮಾತು ಕೇಳುತ್ತಿದ್ದೇನೆ. 90 ಡಿ ಹಳತಾಯಿತು, ಡಿಜಿಟಲ್ ವೈಡ್ ಫೀಲ್ಡ್ ತಗೋಬೇಕು, 103 ಡಿಗ್ರಿ ಕಾಣುತ್ತದೆ ಎಂದು. ಅದರ ಚಿತ್ರ 0.72 ಪಟ್ಟು, 90 ಡಿಗಿಂತಲೂ ಚಿಕ್ಕದು. ಬೆಲೆ ಹೆಚ್ಚು, ಆಳ ಇನ್ನೂ ಕಡಿಮೆ. ಅಕ್ಷಿಪಟಲದ ಅಂಚು ನೋಡಬೇಕಾದಾಗ ಅದಕ್ಕೆ ತಲೆಯ ಮೇಲೆ ಕಟ್ಟಿಕೊಳ್ಳುವ ಇಂಡೈರೆಕ್ಟ್ ಎಂಬ ಉಪಕರಣ ಇದೆ, ಅದರ ಜೊತೆ ಹಿಡಿಯುವ 20 ಡಿ ಲೆನ್ಸ್ ಇದೆ, ರೆಪ್ಪೆಯ ಮೇಲಿಂದ ಒತ್ತಿ ನೋಡುವ ವಿದ್ಯೆ ಇದೆ. ಅದನ್ನು ಕಲಿಯಲು ಕುತ್ತಿಗೆ ನೋಯಬೇಕು, ತಿಂಗಳುಗಟ್ಟಲೆ ಬೆಳಕು ಕೈತಪ್ಪಬೇಕು. ಅಗಲದ ಲೆನ್ಸು ಕೊಂಡವರು ಆ ಕಷ್ಟವನ್ನು ಮುಂದೂಡುತ್ತಾರೆ, ಅಂಚಿನಲ್ಲಿ ಅಕ್ಷಿಪಟಲ ಹರಿದಿದ್ದರೆ ಅದು ಅವರಿಗೆ ತಪ್ಪಿಹೋಗುತ್ತದೆ. 20 ಡಿ ಕೊಳ್ಳಬೇಕೆಂಬುದರಲ್ಲಿ ನನಗೂ ನೈಂಟಿ ಪಕ್ಷಕ್ಕೂ ಜಗಳವಿಲ್ಲ.

ಹಾಗಾದರೆ ನೇರ 60 ಡಿಗೇ ಏಕೆ ಹೋಗಬಾರದು? ಅದರಲ್ಲಿ ಆಳ ಇನ್ನೂ ಹೆಚ್ಚು ತಾನೆ? ಕೇಳಬೇಕಾದ ಪ್ರಶ್ನೆಯೇ. ಅದನ್ನು ಕಣ್ಣಿನಿಂದ 13 ಮಿಲಿಮೀಟರ್ ದೂರದಲ್ಲಿ ಹಿಡಿಯಬೇಕು, ಪಾಪೆ ತುಂಬ ಅಗಲವಾಗಿರಬೇಕು, ನೋಟದ ಹರಹು ಕಿರಿದು. ಕೈ ಇನ್ನೂ ನಿಲ್ಲದ ಹೊಸಬರಿಗೆ ಚಿತ್ರ ಸಿಗುವುದೇ ಕಷ್ಟವಾಗಿ, ಬೇಸರ ಬಂದು ಲೆನ್ಸನ್ನು ಪೆಟ್ಟಿಗೆಗೆ ಹಾಕಿಬಿಡುತ್ತಾರೆ. 78 ಡಿ ಹಿಡಿಯಬೇಕಾದದ್ದು 8 ಮಿಲಿಮೀಟರ್ ದೂರದಲ್ಲಿ, 90 ಡಿ 7ರಲ್ಲಿ. ಕೈಗೆ ಈ ವ್ಯತ್ಯಾಸ ಲೆಕ್ಕಕ್ಕೇ ಇಲ್ಲ. ಡ್ರಾಪ್ಸ್ ಹಾಕಿದ ಸಾಮಾನ್ಯ ಕಣ್ಣಿನಲ್ಲಿ 90 ಡಿಯಷ್ಟೇ ಸಲೀಸಾಗಿ ಚಿತ್ರ ಸಿಗುತ್ತದೆ, ಡಿಸ್ಕೂ ಮ್ಯಾಕುಲಾವೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ, ಉಬ್ಬು ಉಬ್ಬಾಗಿಯೇ ಉಳಿಯುತ್ತದೆ.

ಜೂನಿಯರುಗಳಿಗೆ ಹೆಚ್ಚು ಹೇಳುವುದಿಲ್ಲ. ಒಂದೇ ಒಂದು ಲೆನ್ಸಿಗೆ ಹಣವಿದ್ದರೆ 78 ಡಿ ಕೊಳ್ಳಿ. ಈಗಾಗಲೇ 90 ಡಿ ಕೊಂಡವರು ಕಳವಳಪಡಬೇಡಿ, ಗೆಳೆಯರ 78 ಡಿ ಎರವಲು ಪಡೆದು ದಿನಕ್ಕೆ ಐದು ಡಿಸ್ಕ್ ನೋಡಿ, ನೋಡಿದ್ದನ್ನು ಬರೆಯಿರಿ.

ನನ್ನ ಕೋರಿಕೆ ಮುಖ್ಯವಾಗಿ ಸೀನಿಯರುಗಳಿಗೆ, ನನ್ನಂತೆ ಪಾಠ ಹೇಳುವವರಿಗೆ. ಮುಂದಿನ ಬ್ಯಾಚಿನ ಹುಡುಗನೋ ಹುಡುಗಿಯೋ ಬಂದು ಯಾವ ಲೆನ್ಸ್ ತಗೊಳ್ಳಲಿ ಎಂದು ಕೇಳಿದಾಗ ದಯವಿಟ್ಟು ಉತ್ತರ ಹೇಳಬೇಡಿ. ಪಾಪೆ ಅಗಲವಾಗಿರುವ ಗ್ಲಾಕೋಮಾ ರೋಗಿಯೊಬ್ಬರ ಒಪ್ಪಿಗೆ ಕೇಳಿ, ಆ ಹೊಸಬರನ್ನು ಸ್ಲಿಟ್ ಲ್ಯಾಂಪಿನ ಮುಂದೆ ಕೂರಿಸಿ. ಮೊದಲು ನಿಮ್ಮ 90 ಡಿ ಕೊಟ್ಟು ಡಿಸ್ಕಿನ ಚಿತ್ರ ಬರೆಸಿ. ಆಮೇಲೆ 78 ಡಿ ಕೊಟ್ಟು ಇನ್ನೊಂದು ಹಾಳೆಯ ಮೇಲೆ ಬರೆಸಿ. ಎರಡು ಹಾಳೆಗಳನ್ನೂ ಅವರ ಮುಂದಿಡಿ. ಡೀಲರ್‌ಗೆ ಅವರು ಫೋನ್ ಮಾಡುವುದು ಅದಾದ ಮೇಲಿರಲಿ.